ಸಟ್ಟುಗದ ಸದ್ದು

ಆ ಆಯುಧ ನನ್ನ ಕಲ್ಪನೆಯದಲ್ಲ. ಗೆಳತಿಯೊಬ್ಬಳ ಭಯವನ್ನು ಕದ್ದು ಮಾಡಿದ್ದು. ಕದ್ದಿಲ್ಲವೆಂದು ಅವಳ ಮುಖ ನೋಡಿಕೊಂಡೇ ಹೇಳಿದೆ — ಕದ್ದದ್ದಕ್ಕಿಂತ ಅದು ದೊಡ್ಡ ತಪ್ಪು.

ನಾನು ವಿಡಿಯೊ ಗೇಮ್‌ಗಳಿಗೆ ಚಿತ್ರ, ಸದ್ದು ಮಾಡುವವಳು. ಜಯಲಕ್ಷ್ಮಿಪುರಂನ ಒಂದು ಮನೆಯ ಮಹಡಿಯಲ್ಲಿ ನಮ್ಮ ಸಣ್ಣ ಆಫೀಸು. ನಮಗೆ ಹೆಸರು ತಂದ ಹಾರರ್ ಗೇಮಿನಲ್ಲಿ ಮುಖವಿಲ್ಲದ ಒಬ್ಬ ದೈತ್ಯನಿದ್ದಾನೆ. ಅವನ ಕೈಯಲ್ಲಿ ಅವನಿಗಿಂತಲೂ ಉದ್ದನೆಯ ಕಬ್ಬಿಣದ ಅಲಗು, ತುದಿಯಲ್ಲಿ ಅಗಲ. ಎತ್ತಲು ಅವನಿಗೂ ಆಗದು. ನೆಲದ ಮೇಲೆ ಎಳೆದುಕೊಂಡು ಬರುತ್ತಾನೆ. ಆ ಸದ್ದು ಹತ್ತಿರ ಬಂದು, ಬಾಗಿಲ ಮುಂದೆ ನಿಲ್ಲುತ್ತದೆ. ಅಷ್ಟೇ. ಆಡುವವರು ಅಷ್ಟಕ್ಕೇ ಬೆವರುತ್ತಾರೆ. ದೈತ್ಯನ ಹೆಸರು ಮರೆತವರೂ ಅಲಗನ್ನು ಮರೆಯಲಿಲ್ಲ. ಟೀ ಶರ್ಟಿನ ಮೇಲೆ ಬಂತು, ರಟ್ಟಿನಲ್ಲಿ ಮಾಡಿಕೊಂಡು ಜನ ಫೋಟೊ ತೆಗೆಸಿಕೊಂಡರು. ಎಲ್ಲಿಂದ ಹೊಳೆಯಿತು ಎಂದು ಕೇಳಿದವರಿಗೆಲ್ಲ, "ಮೈಸೂರಿನವಳಲ್ವಾ, ರಾಜರ ಕಾಲದ ಕತ್ತಿಗಳನ್ನ ನೋಡ್ಕೊಂಡೇ ಬೆಳೆದೆ" ಎಂದು ಬುರುಡೆ ಬಿಟ್ಟೆ. ಎಲ್ಲರೂ ತಲೆದೂಗಿದರು.

ನಿಜ ಬೇರೆ. ಓದುವಾಗ ನಾನೂ ಶೈಲಾ ಎಂಬವಳೂ — ಹೆಸರು ಬದಲಿಸಿದ್ದೇನೆ, ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ — ಸರಸ್ವತಿಪುರಂನಲ್ಲಿ ಒಂದೇ ರೂಮಿನಲ್ಲಿದ್ದೆವು. ಒಂದು ಭಾನುವಾರ ಬೆಳಿಗ್ಗೆ ಮೇಲಿನ ಮನೆಯವರು ಕಬ್ಬಿಣದ ಮಂಚ ಎಳೆದರು. ತಲೆ ಬಾಚಿಕೊಳ್ಳುತ್ತಿದ್ದ ಶೈಲಾ ಗೋಡೆಗೆ ಒತ್ತಿಕೊಂಡು ಕುಕ್ಕರಿಸಿಬಿಟ್ಟಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಬಹಳ ಹೊತ್ತಾದ ಮೇಲೆ ಹೇಳಿದಳು. ಅವಳ ಅಪ್ಪ ಮದುವೆ ಮನೆಗಳ ಅಡುಗೆಯವರು. ವಿದ್ಯಾರಣ್ಯಪುರಂನಲ್ಲೆಲ್ಲ ಸಾಧು ಎಂದು ಹೆಸರು. ಕುಡಿದು ಬಂದ ದಿನ ಮಾತ್ರ, ಹಂಡೆಯ ಅನ್ನ ಮಗುಚುವ ಆಳುದ್ದದ ಕಬ್ಬಿಣದ ಸಟ್ಟುಗವನ್ನು ವಠಾರದ ಓಣಿಯುದ್ದಕ್ಕೂ ಎಳೆದುಕೊಂಡು ಬರುತ್ತಿದ್ದರಂತೆ. ಸದ್ದು ಬಾಗಿಲ ಹತ್ತಿರ ನಿಂತಿತೆಂದರೆ ಇನ್ನು ಏಟು ಬೀಳುತ್ತದೆ ಎಂದೇ ಅರ್ಥ. ಅಮ್ಮನಾಗಲಿ ಅಣ್ಣಂದಿರಾಗಲಿ ಒಪ್ಪುತ್ತಿರಲಿಲ್ಲ. ಒಪ್ಪಿದರೆ ಮನೆಯ ಮಾನ ಹೋಗುತ್ತಿತ್ತು. "ಅಪ್ಪ ದೇವರಂಥೋರು, ಏನೇನೋ ಕಟ್ಕೋಬೇಡ" ಎನ್ನುತ್ತಿದ್ದರಂತೆ. ಊರಲ್ಲೇ ಮನೆಯಿದ್ದೂ ಅವಳು ರೂಮು ಹಿಡಿದದ್ದು ಅದಕ್ಕೇ.

"ನೀನಾದ್ರೂ ನಂಬ್ತೀಯಾ ತಾನೇ?"

"ನಂಬ್ತೀನಿ ಕಣೇ" ಎಂದೆ. ನಂಬಿದ್ದೆ. ಅವಳನ್ನು ನಂಬಿದ ಒಂದೇ ಜೀವ ನಾನು, ಅದು ನನಗೆ ಗೊತ್ತಿತ್ತು.

ಎಷ್ಟೋ ವರ್ಷದ ಮೇಲೆ ನಮ್ಮ ಗೇಮು ಮುಂದೆ ಹೋಗದೆ ನಿಂತಿತ್ತು. ಏನು ಮಾಡಿದರೂ ಭಯವೇ ಹುಟ್ಟುತ್ತಿರಲಿಲ್ಲ. ಆಗ ನಾನು ಪಾತ್ರೆ ಅಂಗಡಿಯಿಂದ ಒಂದು ದೊಡ್ಡ ಸಟ್ಟುಗ ಕೊಂಡು ತಂದೆ. ತಾರಸಿಯ ಸಿಮೆಂಟಿನ ಮೇಲೆ ಎಳೆದು ರೆಕಾರ್ಡ್ ಮಾಡಿದೆ. ಮೊದಲು ಸರಿಬರಲಿಲ್ಲ. ಅವಳು ಹೇಳಿದ್ದನ್ನು ನೆನೆಸಿಕೊಂಡು, ತಡೆತಡೆದು, ಕೊನೆಯಲ್ಲಿ ನಿಲ್ಲಿಸಿ — ಹೌದು, ಹಾಗೇ — ಸರಿಯಾಯಿತು. ಖುಷಿಯಾಯಿತು. ಅದನ್ನೂ ಹೇಳದಿದ್ದರೆ ಇದು ಇನ್ನೊಂದು ಸುಳ್ಳಾಗುತ್ತದೆ.

ಗೇಮು ಹೊರಬಂದ ವರ್ಷದ ಆಯುಧಪೂಜೆಗೆ ಬಡಗಿಯಿಂದ ಆ ಅಲಗನ್ನು ಮರ, ತಗಡಿನಲ್ಲಿ ಮಾಡಿಸಿದೆವು. ಕಂಪ್ಯೂಟರುಗಳ ನಡುವೆ ಅದನ್ನು ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿದೆವು. ನಮ್ಮ ಅನ್ನದ ಆಯುಧ ಅದೇ ತಾನೇ. ಶೈಲಾಳನ್ನು ನಾನೇ ಕರೆದೆ. ಅವಳು ಗೇಮ್ ಆಡುವವಳಲ್ಲ, ಗೊತ್ತಾಗುವುದಿಲ್ಲ ಎಂದುಕೊಂಡೆನೋ, ನನ್ನ ದೊಡ್ಡಸ್ತಿಕೆ ನೋಡಲಿ ಎಂದುಕೊಂಡೆನೋ... ಎರಡೂ ಇರಬೇಕು. ಮಂಗಳಾರತಿ ಆಗುವಾಗ ನಮ್ಮಲ್ಲೊಬ್ಬ ತಮಾಷೆಗೆಂದು ಸ್ಪೀಕರಿನಲ್ಲಿ ಆ ಸದ್ದು ಹಾಕಿದ. ಎಲ್ಲರೂ ಹೋ ಎಂದರು. ಶೈಲಾ ಗೋಡೆಗೆ ಒತ್ತಿಕೊಂಡಳು. ಸದ್ದು ನಿಂತಿತು. ಅವಳು ಅಲಗನ್ನು ನೋಡಿದಳು, ಅದರ ಅಗಲದ ತುದಿ ನೋಡಿದಳು, ನನ್ನನ್ನು ನೋಡಿದಳು.

"ಇದು ನಮ್ಮಪ್ಪಂದು ಅಲ್ವೇನೇ? ಇದಕ್ಕೆ ಕುಂಕುಮ ಇಟ್ಟಿದೀಯಾ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನಕ್ಕೆ.

"ಏನೇನೋ ಕಟ್ಕೋಬೇಡ ಶೈಲಾ. ಅರಮನೆ ಕತ್ತಿ ಕಣೇ ಅದು."

ಅವಳ ಅಣ್ಣಂದಿರ ಮಾತು, ನನ್ನ ಬಾಯಲ್ಲಿ. ಆಡುವಾಗಲೇ ಗೊತ್ತಾಯಿತು, ಆದರೂ ನಿಲ್ಲಿಸಲಿಲ್ಲ. ಅವಳು ಜಗಳವಾಡಿದ್ದರೆ ಚೆನ್ನಾಗಿತ್ತು. "ಸಾರಿ ಕಣೇ, ನಂಗೇ ಏನೋ..." ಎಂದು ಎಲ್ಲರ ಮುಂದೆ ತಲೆ ತಗ್ಗಿಸಿದಳು. ಕೊಟ್ಟ ಉಸಲಿ ತಿಂದು, ಮನೆಗೆ ಹೋದಳು. ಆಮೇಲೆ ಅವಳ ಫೋನು ಬರಲಿಲ್ಲ, ನಾನೂ ಮಾಡಲಿಲ್ಲ.

ಈಗ ಗೇಮಿನ ಎರಡನೆಯ ಭಾಗ ಬರುತ್ತಿದೆ. ಅಲಗು ಇನ್ನೂ ದೊಡ್ಡದಾಗಲಿ, ಸದ್ದು ಇನ್ನೂ ಜೋರಾಗಲಿ ಎಂದು ಮೀಟಿಂಗಿನಲ್ಲಿ ಹೇಳಿದರು. ನನಗೆ ಕೂರಲಾಗಲಿಲ್ಲ. ಎದ್ದು ಸೀದಾ ಶೈಲಾಳ ಮನೆಗೆ ಹೋದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ನಿಂತುಕೊಂಡೇ ಹೇಳಿದೆ: "ಅದು ನಿಮ್ಮಪ್ಪನ ಸಟ್ಟುಗಾನೇ. ನಿಂಗೆ ಭ್ರಮೆ ಆಗಿರ್ಲಿಲ್ಲ. ಗೊತ್ತಿದ್ದೂ ಸುಳ್ಳು ಹೇಳ್ಬುಟ್ಟೆ."

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ನೀನೂ ಇಲ್ಲ ಅಂದ್ಮೇಲೆ, ನಂದೇ ತಪ್ಪು ಅಂದ್ಕೊಂಡೆ. ಹೋದ ವರ್ಷ ಅಪ್ಪ ಹಾಸಿಗೆ ಹಿಡಿದ್ರು, ಆಗ ಅವರ ಕಾಲು ಹಿಡ್ಕೊಂಡು ಅತ್ತೆ ಕಣೇ. ಇಲ್ಲದ್ದೆಲ್ಲ ನಿಮ್ಮ ಮೇಲೆ ಹೇಳಿದೀನಿ, ಕ್ಷಮಿಸಿಬಿಡಿ ಅಂತ." ಬಿಡಿಸಿದ ಸೊಪ್ಪನ್ನು ಒಂದು ಕಡೆ ಸರಿಸಿದಳು. "ಕ್ಷಮಿಸಿದೀನಿ ಅಂದ್ರು. ಅಷ್ಟು ಅಂದು ಪ್ರಾಣ ಬಿಟ್ರು."

ನಾನು ಕ್ಷಮೆ ಕೇಳಬೇಕೆಂದು ಹೋಗಿದ್ದೆ. ಕೇಳಲಿಲ್ಲ.