ಫರ್ಸಿ ಖಣಿಯ ಕತ್ತೆಕಿರುಬ

ಚಿತ್ತಾಪುರದ ಅಂಬಾರಾಯರು ಆಫ್ರಿಕಾಕ್ಕೆ ಹೋದದ್ದು ಪ್ರಾಣಿಗಳ ಮೇಲಿನ ಪ್ರೀತಿಯಿಂದಲ್ಲ, ಸಿಮೆಂಟ್ ಹೆಚ್ಚು ಮಾರಿದ್ದಕ್ಕೆ. ಗುರಿ ಮುಟ್ಟಿದ ಡೀಲರುಗಳನ್ನು ಕಂಪನಿಯವರು ಒಂದು ವರ್ಷ ದುಬೈಗೆ ಒಯ್ದಿದ್ದರು, ಇನ್ನೊಂದು ವರ್ಷ ಬ್ಯಾಂಕಾಕಿಗೆ. ಈ ಸಲ ಕೀನ್ಯಾ, ಸಿಂಹ ತೋರಿಸುತ್ತೇವೆ ಎಂದರು. ಐವತ್ತೆಂಟು ವರ್ಷದ ಅಂಬಾರಾಯರಿಗೆ ಯಾವುದಾದರೂ ಒಂದೇ. ಹೆಂಡತಿ ರತ್ನಾಬಾಯಿ ಮಾತ್ರ ಹತ್ತು ದಿನಕ್ಕಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟು, ಗಾಡಿಯಿಂದ ಕೆಳಗಿಳಿಯುವುದಿಲ್ಲವೆಂದು ಗಂಡನಿಂದ ಆಣೆ ಮಾಡಿಸಿಕೊಂಡಳು.

ಅಲ್ಲಿ ಸಿಂಹ ಸಿಕ್ಕಿತು. ಒಂದು ಪೊದೆಯ ನೆರಳಿನಲ್ಲಿ ಮಲಗಿತ್ತು. ಸುತ್ತ ಎಂಟು ಗಾಡಿ ನಿಂತಿದ್ದವು. ಅದು ಒಮ್ಮೆ ಮಗ್ಗಲು ಬದಲಿಸಿತು, ಎಲ್ಲರೂ ಫೋಟೊ ಹೊಡೆದರು. ಊಟವಾದ ಮೇಲೆ ಅಂಗಡಿಯ ಒಳಗಿನ ಖೋಲಿಯಲ್ಲಿ ತಾವೂ ಹೀಗೇ ಮಲಗುವುದು ನೆನಪಾಗಿ ಅಂಬಾರಾಯರಿಗೆ ಸಿಂಹದ ಬಗ್ಗೆ ಸ್ವಲ್ಪ ಸಲಿಗೆಯೇ ಹುಟ್ಟಿತು. ಪಕ್ಕದಲ್ಲಿ ಕೂತ ಸೇಡಂನ ಡೀಲರ್ ಅಶೋಕಕುಮಾರ ಚೀಲದ ದರ ಮುಂದಿನ ತಿಂಗಳು ಏರುತ್ತದೋ ಇಳಿಯುತ್ತದೋ ಎಂದು ಕೇಳುತ್ತಲೇ ಇದ್ದ.

ಗಾಡಿ ಓಡಿಸುತ್ತಿದ್ದವನ ಹೆಸರು ಸಿಮಿಯೋನ್. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ನಮ್ಮ ದೇಶದ ಪ್ರವಾಸಿಗರಿಂದ ಹಿಂದಿ ಕಲಿತಿದ್ದ. ಸಂಜೆ ವಾಪಸ್ಸು ಬರುವಾಗ ಮೂರು ಕತ್ತೆಕಿರುಬಗಳು ರಸ್ತೆ ದಾಟಿದವು. ಇವುಗಳ ಮೈಮೇಲೆ ಚುಕ್ಕೆ ಇವೆ, ನಮ್ಮ ಕಡೆಯವಕ್ಕೆ ಪಟ್ಟೆ ಇರುತ್ತವೆ ಎಂದು ಅಂಬಾರಾಯರು ಸುಮ್ಮನೆ ಮಾತಿಗೆಂದು ಅಂದರು. ಸಿಮಿಯೋನ್ ಗಾಡಿ ನಿಲ್ಲಿಸಿಬಿಟ್ಟ. ಎಲ್ಲಿ ನೋಡಿದಿರಿ ಎಂದು ಕೇಳಿದ. ಊರಲ್ಲಿ ನನ್ನ ಕಲ್ಲಿನ ಖಣಿಯಲ್ಲಿ ಎಂದರು ಇವರು. ಅವನು ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿದ. ಪಟ್ಟೆಯ ಕಿರುಬವನ್ನು ತಾನು ಇಷ್ಟು ವರ್ಷದಲ್ಲಿ ಎರಡೇ ಸಲ ಕಂಡಿದ್ದು, ಎರಡು ಸಲವೂ ಬರೀ ಬೆನ್ನು ಎಂದ. ಫೋಟೊ ಕಳಿಸಲೇಬೇಕೆಂದು ನಂಬರು ಬರೆದುಕೊಂಡ. ಮೂವತ್ತು ವರ್ಷ ಸಿಮೆಂಟ್ ಮಾರಿದರೂ ಯಾರೂ ಅಂಬಾರಾಯರನ್ನು ಅಷ್ಟು ಗೌರವದಿಂದ ನೋಡಿರಲಿಲ್ಲ.

ಆ ಖುಷಿ ಹೋಟೆಲು ಮುಟ್ಟುವ ತನಕವೂ ಉಳಿಯಲಿಲ್ಲ. ಕುರಿಯವರು ದೂರು ತಂದರೆಂದು, ಹೊರಡುವ ಎರಡು ತಿಂಗಳು ಮೊದಲು, ಆ ಕಿರುಬದ ಬಿಲಕ್ಕೆ ಕಲ್ಲು ತುಂಬಿಸಲು ಇವರೇ ಹೇಳಿದ್ದರು. ಅದನ್ನು ಸಿಮಿಯೋನನಿಗೆ ಹೇಳಲು ಬಾಯಿ ಬರಲಿಲ್ಲ.

ಖಣಿ ಇದ್ದದ್ದು ವಾಡಿಯಿಂದ ಶಹಾಬಾದಿಗೆ ಹೋಗುವ ರಸ್ತೆಯ ಒಳಗೆ. ತಂದೆಯ ಕಾಲದಲ್ಲಿ ಅಲ್ಲಿಂದ ದಿನಾ ಲಾರಿಗಟ್ಟಲೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೋಗುತ್ತಿತ್ತು. ಮನೆಮನೆಗೆ ಟೈಲ್ಸ್ ಬಂದ ಮೇಲೆ ಖಣಿ ಬಂದ್ ಬಿತ್ತು. ಒಡೆದ ಕಲ್ಲಿನ ಗುಡ್ಡೆಗಳು, ನೀರು ನಿಂತ ಗುಂಡಿಗಳು, ಜಾಲಿ ಉಳಿದವು. ಕದಿಯಲು ಏನೂ ಇಲ್ಲದ ಆ ಜಾಗವನ್ನು ದಂಡೋತಿಯ ಭೀಮಶ್ಯಾ ಇಪ್ಪತ್ತು ವರ್ಷದಿಂದ ಕಾಯುತ್ತಿದ್ದ.

ಊರಿಗೆ ಬಂದ ಮರುದಿನವೇ ಅಂಬಾರಾಯರು ಖಣಿಗೆ ಹೋದರು. ಸಾವಕಾರರು ವರ್ಷಕ್ಕೊಮ್ಮೆ ಬಂದರೆ ಹೆಚ್ಚು, ಹೀಗಾಗಿ ಭೀಮಶ್ಯಾ ಗಾಬರಿಯಾದ.

"ಆ ಬಿಲ ಮುಚ್ಚಿದೆಲ್ಲ, ಆಗ ಒಳಗ ಏನರೆ ಇತ್ತೇನು?" ಎಂದು ಕೇಳಿದರು.

ಭೀಮಶ್ಯಾ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದ. "ಮುಚ್ಚಿಲ್ರಿ ಸಾವಕಾರ್ರ. ಮುಚ್ಚಬೇಕಂತ ಹೋಗಿದ್ದೆ. ಒಳಗ ಎರಡು ಮರಿ ಇದ್ವು. ಕಲ್ಲು ಅಲ್ಲೇ ಬಿಟ್ಟು ಬಂದೆ."

"ಮತ್ತ ನನಗ ಮುಚ್ಚೀನಿ ಅಂದೆಲ್ಲ?"

"ಅಂದೀನ್ರಿ. ನೀವೇನು ಬಂದು ನೋಡಂಗಿಲ್ಲಂತ ಗೊತ್ತಿತ್ತು."

ಅಂಬಾರಾಯರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಲ್ಲೇ ಒಂದು ಫರ್ಸಿಯ ಮೇಲೆ ಕೂತು ನೀರು ಕೇಳಿ ಕುಡಿದರು. ಹೊತ್ತು ಮುಳುಗುವಾಗ ತಾಯಿ ಕಿರುಬ ಹೊರಗೆ ಬಂತು. ಮುಂಗಾಲು ಎತ್ತರ, ಹಿಂಗಾಲು ಗಿಡ್ಡ, ಬೆನ್ನುದ್ದಕ್ಕೂ ನಿಮಿರಿದ ಕೂದಲು. ಸ್ವಲ್ಪ ಹೊತ್ತು ಗಾಳಿ ಮೂಸಿ, ಇವರಿಬ್ಬರೂ ಲೆಕ್ಕಕ್ಕಿಲ್ಲದವರಂತೆ ಜಾಲಿಯೊಳಗೆ ಇಳಿದು ಹೋಯಿತು. ಅಂಬಾರಾಯರು ಹೊಡೆದ ಫೋಟೊದಲ್ಲಿ ಕಲ್ಲಿನ ಗುಡ್ಡೆಯೂ, ಅದರ ಬುಡದಲ್ಲಿ ಗೋಣಿಚೀಲದಂಥದ್ದೊಂದೂ ಕಂಡವು. ಸಿಮಿಯೋನ್ ಅದಕ್ಕೇ ಕೈ ಮುಗಿಯುವ ಏಳು ಚಿತ್ರ ಹಾಕಿ ಉತ್ತರ ಕಳಿಸಿದ.

ಅಲ್ಲಿಗೆ ಬಿಟ್ಟಿದ್ದರೆ ಒಳ್ಳೆಯದಿತ್ತು. ಆದರೆ ಅಂಬಾರಾಯರಿಗೆ ಕಂಡದ್ದನ್ನು ಹೇಳದೆ ಇರಲಾಗಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಕಿರುಬದ ಸಂರಕ್ಷಣೆಯ ಬಗ್ಗೆ ಹೇಳಿ ಆಮೇಲೆ ಸಿಮೆಂಟ್ ಕೊಡತೊಡಗಿದರು. ಶಹಾಬಾದಿನ ಕಾಲೇಜೊಂದರಲ್ಲಿ ಭಾಷಣಕ್ಕೆ ಕರೆದರು, ಕೀನ್ಯಾದಲ್ಲಿ ಕೊಂಡ ಟೊಪ್ಪಿಗೆ ಹಾಕಿಕೊಂಡೇ ಹೋದರು. ಪೇಪರಿನವರು ಪರಿಸರಪ್ರೇಮಿ ಎಂದು ಬರೆದರು. "ಮನಿ ಮುಂದ ಎರಡು ಗಿಡಕ್ಕ ನೀರು ಹಾಕ್ರಿ ಅಂದ್ರ ಹಾಕಂಗಿಲ್ಲ" ಎಂದಷ್ಟೇ ರತ್ನಾಬಾಯಿ ಅಂದಳು.

ಭಾಷಣ ಕೇಳಿದವರು ಆದಿತ್ಯವಾರ ಖಣಿಗೆ ಬರತೊಡಗಿದರು. ಮೊದಲು ಎರಡು ಕಾರು, ಆಮೇಲೆ ಹನ್ನೆರಡು. ಚಿಂಚೋಳಿಯಿಂದ ಒಂದು ಟೆಂಪೊ ತುಂಬ ಜನ, ಬಿರ್ಯಾನಿಯ ಹಂಡೆ ಸಮೇತ. ಒಬ್ಬ ಡ್ರೋನ್ ಹಾರಿಸಿದ. ಗುಡ್ಡೆಯ ಮೇಲೆ ನಿಂತು ಎಲ್ಲರಿಗೂ ಬಿಲ ತೋರಿಸುತ್ತಿದ್ದವರು ಖುದ್ದು ಅಂಬಾರಾಯರೇ. ನಾಲ್ಕನೆಯ ಆದಿತ್ಯವಾರ ಕಿರುಬ ಹೊರಬರಲಿಲ್ಲ. ಐದನೆಯದಕ್ಕೂ ಇಲ್ಲ. ಬೆಳೆದ ಮರಿಗಳನ್ನು ಹಿಂದೆ ಹಾಕಿಕೊಂಡು ದೂರದ ಗುಂಡಿಗಳ ಕಡೆ ಹೋಗಿದೆ ಎಂದು ಭೀಮಶ್ಯಾ ತಿಳಿಸಿದ. ಬಂದ ಜನ ಖಾಲಿ ಬಿಲದ ಮುಂದೆ ಫೋಟೊ ಹೊಡೆಸಿಕೊಂಡು ಹೋದರು.

ಅದೇ ತಿಂಗಳು ಕಲಬುರಗಿಯ ಒಂದು ಸಂಘದವರು ಅಂಬಾರಾಯರಿಗೆ ವನ್ಯಜೀವಿ ರಕ್ಷಕ ಎಂಬ ಪ್ರಶಸ್ತಿ ಕೊಟ್ಟರು. ಶಾಲು, ಹಣ್ಣು, ಗಾಜಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಹುಲಿ. ಮೈಕಿನ ಮುಂದೆ ನಿಂತವರು ಬರೆದು ತಂದ ಚೀಟಿಯನ್ನು ಜೇಬಿಗೆ ಹಾಕಿದರು.

"ಬಿಲ ಮುಚ್ಚು ಅಂದಾಂವ ನಾನು. ಮುಚ್ಚಲಾರದಾಂವ ನನ್ನ ವಾಚಮನ್ ಭೀಮಶ್ಯಾ. ಆಮ್ಯಾಲ ಜನಾ ಕರಕೊಂಡ್ಹೋಗಿ ಆ ಕಿರುಬ ಓಡಿಸಿದಾಂವನೂ ನಾನೇ" ಎಂದರು.

ಸಭೆ ನಕ್ಕಿತು. ಆಮೇಲೆ ಭಾರಿ ಚಪ್ಪಾಳೆ ಬಿತ್ತು. ಇಂಥ ವಿನಯ ಈ ಕಾಲದಲ್ಲಿ ಅಪರೂಪ ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು. ಅಂಬಾರಾಯರು ಮತ್ತೊಮ್ಮೆ ಖರೇನೇ ಹೇಳುತ್ತಿದ್ದೇನೆ ಎಂದರು. ಚಪ್ಪಾಳೆ ಇನ್ನಷ್ಟು ಜೋರಾಯಿತು.

ಮರುದಿನ ಶಾಲು ತಗೊಂಡು ಖಣಿಗೆ ಹೋಗಿ, ಇದು ನಿನಗೆ ಸೇರಬೇಕಾದದ್ದು ಎಂದು ಭೀಮಶ್ಯಾನ ಮುಂದೆ ಹಿಡಿದರು. ಅವನು ಅದರ ಜರಿ ಮುಟ್ಟಿ ನೋಡಿದ. ಬೇಸಿಗೆಯಲ್ಲಿ ಇದನ್ನು ಹೊದ್ದುಕೊಳ್ಳುವುದಾದರೂ ಹೇಗೆ ಎಂದು ಕೇಳಿದ.

"ಮತ್ತೇನು ಬೇಕು ಹೇಳು."

"ಒಂದು ಸರಪಳಿ ಕೊಡಸ್ರಿ, ಒಂದು ಕೀಲಿ. ರಸ್ತಾಕ್ಕ ಹಾಕ್ತೀನಿ."

ಅಂಬಾರಾಯರು ಶಹಾಬಾದಿನಿಂದ ಗಟ್ಟಿ ಸರಪಳಿ ತಂದು, ತಾವೇ ನಿಂತು ಎರಡು ಕಂಬ ಹುಗಿಸಿದರು. ಬುಡಕ್ಕೆ ತಮ್ಮ ಅಂಗಡಿಯದೇ ಸಿಮೆಂಟ್. ಕಾರುಗಳು ಮೂರು ವಾರ ಬಂದು ತಿರುಗಿ ಹೋದವು, ಆಮೇಲೆ ಬರುವುದೇ ನಿಂತಿತು.

ಕೀಲಿಕೈ ಭೀಮಶ್ಯಾನ ಉಡಿದಾರದಲ್ಲಿರುತ್ತದೆ. ತಿಂಗಳಿಗೊಮ್ಮೆ ಅಂಬಾರಾಯರು ಬರುತ್ತಾರೆ. ಕಾರನ್ನು ಸರಪಳಿಯ ಹೊರಗೇ ನಿಲ್ಲಿಸಿ, ಬಿಸಿಲಿನಲ್ಲಿ ಒಂದು ಮೈಲಿ ನಡೆದು ಅವನ ಗುಡಿಸಲು ಮುಟ್ಟುತ್ತಾರೆ. ಕೀಲಿ ತೆಗೆ ಎಂದು ಒಮ್ಮೆ ಕೇಳಿ ನೋಡಿದ್ದರು. ಗಾಡಿ ಸಪ್ಪಳಕ್ಕೆ ಗುಂಡಿಗಳ ಕಡೆಯ ಕಿರುಬ ಬೆದರುತ್ತದೆ, ಇವತ್ತು ಬೇಡ ಎಂದು ಭೀಮಶ್ಯಾ ಹೇಳಿದ್ದ.