ಟ್ರಂಪೆಟ್ಟಿನ ಸಲಾಮು

ನನ್ನ ಬಲಗೈಯ ಒಂದೇ ಏಟಿನಿಂದ ಒಬ್ಬರ ಮುಂದಿನ ಎರಡು ಹಲ್ಲು ಮುರಿದಿದ್ದೇನೆ. ಅವರು ನನಗೆ ಟ್ರಂಪೆಟ್ ಕಲಿಸಿದವರು. ಆ ಏಟು ಹೊಡೆದವನು ಬೇರೆಯವನೆಂದು ಕೂಗಿ ಹೇಳಿ, ಏನೂ ಮಾಡದ ಒಬ್ಬ ಹುಡುಗನ ಕೈಯನ್ನೂ ಮುರಿದಿದ್ದೇನೆ. ಎರಡೂ ನಡೆದದ್ದು ಒಂದೇ ಬೆಳಿಗ್ಗೆ, ಐದು ನಿಮಿಷದೊಳಗೆ. ಈಗ ನನಗೆ ಎಪ್ಪತ್ನಾಲ್ಕು ದಾಟಿದೆ. ಓದಿದ್ದು ಹತ್ತನೆಯ ತರಗತಿವರೆಗೆ, ಬರೆದು ರೂಢಿಯಿಲ್ಲ. ಆದರೂ ಬರೆಯಲು ಕೂತಿದ್ದೇನೆ. ಯಾಕೆಂಬುದು ಮುಂದೆ ತಿಳಿಯುತ್ತದೆ.

ನಾನು ಬೀದರ ಕಡೆಯವನು. ಹೈದರಾಬಾದಿನ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದೆ. ದಿನವಿಡೀ ಸುತ್ತಿಗೆ ಹಿಡಿದ ಕೈ ಸಂಜೆ ಮನೆಗೆ ಬಂದ ಮೇಲೂ ಸುಮ್ಮನಿರುತ್ತಿರಲಿಲ್ಲ. ಸಿಟ್ಟು ಬಂದರೆ ಹೆಂಡತಿಗೆ ಹೊಡೆಯುತ್ತಿದ್ದೆ. ಬಸ್ಸಿನಲ್ಲಿ ಕಾಲು ತುಳಿದವನಿಗೂ ಹೊಡೆದಿದ್ದೇನೆ. ಗಂಡಸೆಂದರೆ ಹೀಗೇ ಇರಬೇಕು ಎಂದುಕೊಂಡಿದ್ದೆ.

ಊರಿನ ಪಶ್ಚಿಮಕ್ಕೆ ಗಾಜಿನ ಆಫೀಸುಗಳು ಏಳುತ್ತಿದ್ದ ವರ್ಷಗಳವು. ಮದುವೆ ಮನೆಯವರಿಗೆ ಬ್ಯಾಂಡು ಬೇಡವಾಗಿ ಲಾರಿಯ ಮೇಲೆ ಡಿಜೆ ಬಂತು. ಬ್ಯಾಂಡಿನ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಒಂದು ಭಾನುವಾರ ಗುಜರಿ ಅಂಗಡಿಯ ಮುಂದೆ ಒಬ್ಬ ಹಿತ್ತಾಳೆಯ ದೊಡ್ಡ ಬಾಜಾವನ್ನು ನೆಲಕ್ಕೆ ಕೆಡವಿ, ಕಾಲಿನಿಂದ ಒತ್ತಿಹಿಡಿದು, ಕಬ್ಬಿಣದ ಸುತ್ತಿಗೆಯಿಂದ ಜಜ್ಜುತ್ತಿದ್ದ. ಚಪ್ಪಟೆಯಾದರೆ ಚೀಲದಲ್ಲಿ ಹೆಚ್ಚು ಹಿಡಿಯುತ್ತದಂತೆ. ಏಟಿಗೊಮ್ಮೆ ಅದು ಎಮ್ಮೆ ಒದರಿದ ಹಾಗೆ ದನಿ ಮಾಡುತ್ತಿತ್ತು. ನನಗೇನಾಯಿತೋ ತಿಳಿಯದು, ಅವನ ಕಾಲರ್ ಹಿಡಿದು ಎರಡು ಬಿಟ್ಟೆ. ಅವನೂ ಬಿಟ್ಟ. ಕೊನೆಗೆ ತುಟಿಯಲ್ಲಿ ರಕ್ತ ಒರೆಸಿಕೊಳ್ಳುತ್ತ ಆ ಬಾಜಾವನ್ನು ಕೊಂಡು ಸ್ಕೂಟರ್ ಮೇಲೆ ಹೇರಿಕೊಂಡು ಬಂದೆ.

ನನ್ನ ಹುಚ್ಚು ಶುರುವಾದದ್ದು ಹಾಗೆ. ಟ್ರಂಪೆಟ್, ಕಾರ್ನೆಟ್, ಹೆಸರು ಗೊತ್ತಿಲ್ಲದ ಎಂಥೆಂಥವೋ ಬಾಜಾಗಳು, ಸಿಕ್ಕಿದ್ದನ್ನೆಲ್ಲ ತಂದೆ. ಕೊಳವೆಯೊಳಗೆ ಉಕ್ಕಿನ ಗುಂಡು ಉರುಳಿಸಿ, ಹೊರಗಿನಿಂದ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ತಗ್ಗುಗಳನ್ನು ಎತ್ತುತ್ತಿದ್ದೆ. ಹುಣಸೆಹಣ್ಣು ಬೂದಿ ಹಾಕಿ ತಿಕ್ಕುತ್ತಿದ್ದೆ. ಹನ್ನೊಂದು ವಾದ್ಯ ಕಬ್ಬಿಣದ ಕಪಾಟಿನಲ್ಲಿ, ಕೀಲಿ ನನ್ನ ಉಡಿದಾರದಲ್ಲಿ. ಮನುಷ್ಯರ ಮೇಲೆ ಇರದ ತಾಳ್ಮೆ ಹಿತ್ತಾಳೆಯ ಮೇಲೆ ಇತ್ತು.

ಊದಲು ಕಲಿಸಿದವರು ಬೇಗಂಪೇಟೆಯ ರೈಲು ನಿಲ್ದಾಣದ ಹತ್ತಿರ ಬ್ಯಾಂಡಿನ ಅಂಗಡಿ ಇಟ್ಟಿದ್ದ ಉಸ್ತಾದರು. ಅವರೂ ನಮ್ಮ ಕಡೆಯವರೇ, ಕನ್ನಡ ಮಾತಾಡುತ್ತಿದ್ದರು. ನನ್ನ ಸರ್ಕಾರಿ ನೌಕರಿಗೆ ಚೇಷ್ಟೆ ಮಾಡಿ ನನ್ನನ್ನು 'ಸರ್ಕಾರ್' ಎಂದು ಕರೆಯುತ್ತಿದ್ದರು. ಮೊದಲ ಪಾಠ ಊದುವುದರದ್ದಲ್ಲ, ಹಲ್ಲು ಉಳಿಸಿಕೊಳ್ಳುವುದರದ್ದು. ತುಟಿಗಿಟ್ಟು ಊದುವ ತುದಿ ಮೌತ್‌ಪೀಸ್; ಟ್ರಂಪೆಟ್ಟಿನ ಅರಳಿದ ತುದಿಗೆ ಅವರು ಭೋಂಗಾ ಎನ್ನುತ್ತಿದ್ದರು.

"ಮೆರವಣಿಗ್ಯಾಗ ಭೋಂಗಾ ಯಾವಾಗ್ಲೂ ಆಸ್ಮಾನಕ್ಕ ಇರಬೇಕ್ರಿ ಸರ್ಕಾರ್. ಕುಣಿಯೋ ಮಂದೀಗೆ ಮೈಮ್ಯಾಲ ಖಬರ್ ಇರಂಗಿಲ್ಲ. ಯಾರ್ದರ ಕೈ ಭೋಂಗಾಕ್ಕ ಬಡೀತಂದ್ರ ಮೌತ್‌ಪೀಸ್ ಸೀದಾ ಹಲ್ಲಿಗೆ. ಹಲ್ಲು ಹೋತು, ಬಾಜಾ ಹೋತು, ಆಮ್ಯಾಲ ಮನ್ಯಾಗ ಕುಂತು ಗಂಜಿ ಕುಡಿ."

ಭೋಂಗಾ ತಗ್ಗಿಸುವುದು ಒಂದೇ ಸಲ, ಪರಿಚಯದವರು ಎದುರಾದಾಗ. ಊದುತ್ತಿರುವವನ ಎರಡೂ ಕೈ ವಾದ್ಯದ ಮೇಲಿರುತ್ತವೆ, ಕೈಯೆತ್ತಿ ಸಲಾಮು ಮಾಡಲಾಗದು. ಅದಕ್ಕೆ ಊದುತ್ತಲೇ ಭೋಂಗಾವನ್ನು ಅವರ ಎದೆಯ ಮಟ್ಟಕ್ಕೆ ಇಳಿಸಿ, ಮತ್ತೆ ಮೇಲೆತ್ತುತ್ತಾರೆ. ಬ್ಯಾಂಡಿನವರ ಸಲಾಮು ಅದು.

ಉಸ್ತಾದರ ಅಂಗಡಿ ಇದ್ದ ಸಾಲನ್ನು ಕೆಡವಿ ದೊಡ್ಡ ಕಟ್ಟಡ ಎಬ್ಬಿಸಿದರು. ಅವರು ಒಂದು ಕೋಣೆಯ ಬಾಡಿಗೆ ಮನೆಗೆ ಹೋದರು. ಅಲ್ಲಿ ಊದಿದರೆ ಮಾಲೀಕ ಬಾಗಿಲು ಬಡಿಯುತ್ತಿದ್ದ. ತಮ್ಮ ತಂದೆಯ ಕಾಲದ ಟ್ರಂಪೆಟ್ಟನ್ನು ಅವರು ನನಗೆ ಮಾರಿದರು. ಮೌತ್‌ಪೀಸ್ ಮಾತ್ರ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡರು. ಊದುವವರು ಬಾಜಾ ಮಾರಿದರೂ ತುಟಿಗೆ ಪಳಗಿದ ಮೌತ್‌ಪೀಸ್ ಮಾರುವುದಿಲ್ಲ.

"ಬಾಜಾ ನಿಮ್ದು, ತುಟಿ ನಂದು" ಎಂದರು. "ಮದುವಿ ಬಂದಾಗ ಕೇಳ್ತೀನಿ, ಒಂದ್ ದಿನಕ್ಕ ಕೊಡ್ರಿ. ಜುಬಾನ್ ಕೊಡ್ರಿ."

ಮಾತು ಕೊಟ್ಟೆ. ಎರಡು ಸಲ ಕೊಟ್ಟೂ ಕಳಿಸಿದೆ. ಆಮೇಲೆ ಮನಸ್ಸು ಬರಲಿಲ್ಲ. ಪಾಲಿಶ್ ಮಾಡಿದ್ದೇನೆ, ಗುಂಡಿ ಬಿಗಿಯಾಗಿದೆ, ರಿಪೇರಿಗೆ ಬಿಚ್ಚಿಟ್ಟಿದ್ದೇನೆ ಎಂದು ಸುಳ್ಳು ಹೇಳತೊಡಗಿದೆ. ನಿಜವೇನೆಂದರೆ ಅದೇ ಟ್ರಂಪೆಟ್ ನನ್ನ ಬಾಯಲ್ಲಿ ನಾಲ್ಕು ಸ್ವರ ದಾಟುತ್ತಿರಲಿಲ್ಲ. ಅವರು ಒಮ್ಮೆ ನಮ್ಮ ಮನೆಯಲ್ಲಿ ನಿಂತು ಊದಿದಾಗ ಹೆಂಡತಿ ರೊಟ್ಟಿ ತಟ್ಟುವುದು ಬಿಟ್ಟು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. ನಾನು ಊದಿದಾಗ ಒಂದು ಸಲವೂ ಬಂದಿರಲಿಲ್ಲ. ಅದು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಒಂದು ಶನಿವಾರ ಸಂಜೆ ಆ ಟ್ರಂಪೆಟ್ಟನ್ನು ತಿಕ್ಕಿ ಪೇಪರಿನ ಮೇಲೆ ಆರಲು ಬಿಟ್ಟಿದ್ದೆ. ಕಪಾಟಿಗೆ ಇಡಲು ಮರೆತು ಮಲಗಿದೆ. ಮರುದಿನ ಬೆಳಿಗ್ಗೆ ಹಾಲು ತರಲು ಹೋಗಿ ಬರುವಷ್ಟರಲ್ಲಿ ಪೇಪರು ಬರಿದಾಗಿತ್ತು.

"ಎಲ್ಲಿ?" ಎಂದೆ.

"ಉಸ್ತಾದ್ರು ಬಂದಿದ್ರು. ಮಣಿಕೊಂಡದಾಗ ಮದುವಿ ಐತಂತ. ಎಷ್ಟೋ ತಿಂಗಳಿಗೆ ಒಂದು ಸಿಕ್ಕೈತಿ ಅಂದ್ರು. ಕೊಟ್ಟೆ" ಎಂದಳು ಹೆಂಡತಿ.

ಕೆನ್ನೆಗೆ ಹೊಡೆದೆ. ಹಾಲಿನ ಪಾತ್ರೆ ಉರುಳಿತು. ಅವಳು ಗೋಡೆ ಹಿಡಿದು ನಿಂತಳು. ಆ ದಿನ ಅಳಲಿಲ್ಲ.

"ಹೊಡೀರಿ, ಇನ್ನೊಂದು ಹೊಡೀರಿ. ಮಾತು ಕೊಟ್ಟಾವರು ನೀವು, ನಡಸಿದಾಕಿ ನಾನು. ಅವರು ಊದಿದ್ರ ಮನಿ ತುಂಬತೈತಿ. ನೀವು ಊದಿದ್ರ ಓಣ್ಯಾಗಿನ ನಾಯಿ ಕೂಡತಾವ!"

ಇನ್ನೊಂದು ಹೊಡೆದೆ. ಸ್ಕೂಟರ್ ಒದ್ದು ಶುರು ಮಾಡಿ ಮಣಿಕೊಂಡಕ್ಕೆ ಹೊರಟೆ.

ಆಗ ಅಲ್ಲಿ ಹೊಸ ಕಟ್ಟಡಗಳಿಗಾಗಿ ಬಂಡೆ ಸಿಡಿಸುತ್ತಿದ್ದರು. ದಾರಿಯಲ್ಲಿ ಕೆಂಪು ಬಾವುಟ ಹಿಡಿದವನೊಬ್ಬ ತಡೆದು ನಿಲ್ಲಿಸಿದ. ಸೀಟಿ ಊದಿದರು. ನೆಲ ನಡುಗಿತು, ಮನೆಯಷ್ಟು ದೊಡ್ಡ ಬಂಡೆ ಸೀಳಿ ಧೂಳೆದ್ದಿತು. ನನ್ನ ಹಲ್ಲು ತಾನಾಗಿ ಕಡಿದುಕೊಂಡಿತ್ತು. ಧೂಳು ಇಳಿಯುವ ಮೊದಲೇ ದೂರದಿಂದ ಆ ಟ್ರಂಪೆಟ್ಟಿನ ದನಿ ಕೇಳಿಸಿತು. ಅಂಥ ದನಿಯನ್ನು ನಾನು ಅದರಿಂದ ಒಂದು ದಿನವೂ ತೆಗೆದಿರಲಿಲ್ಲ. ಸ್ಕೂಟರನ್ನು ಅಲ್ಲೇ ಕೆಡವಿ ಓಡಿದೆ.

ಹೊಸ ಅಪಾರ್ಟ್‌ಮೆಂಟಿನ ಗೇಟಿನಿಂದ ಮದುಮಗನ ಮೆರವಣಿಗೆ ಹೊರಟಿತ್ತು. ಕೆಂಪು ಕೋಟಿನ ಏಳೆಂಟು ಬ್ಯಾಂಡಿನವರು, ಅವರ ಮುಂದೆ ಕುಣಿಯುತ್ತಿದ್ದ ಮದುಮಗನ ಗೆಳೆಯರು, ಎಲ್ಲ ಆಫೀಸಿನ ಹುಡುಗರು. ನಡುವೆ ಉಸ್ತಾದರು, ಕಣ್ಣು ಮುಚ್ಚಿ, ಭೋಂಗಾ ಆಕಾಶಕ್ಕೆ. ಅವರ ಪಕ್ಕದಲ್ಲೇ ಹಳದಿ ಜುಬ್ಬದ ಹುಡುಗನೊಬ್ಬ ಎರಡೂ ಕೈ ಬೀಸಿ ಕುಣಿಯುತ್ತಿದ್ದ.

ನಾನು ಜನರನ್ನು ಸರಿಸಿ ಎದುರಿಗೆ ಹೋಗಿ ನಿಂತೆ. ಉಸ್ತಾದರು ಕಣ್ಣು ತೆರೆದರು. ನನ್ನನ್ನು ಕಂಡು ಅವರ ಹುಬ್ಬು ಮೇಲೇರಿತು, ಕಣ್ಣಲ್ಲಿ ನಗು ಬಂತು. ಊದುತ್ತಲೇ ಭೋಂಗಾವನ್ನು ನನ್ನ ಎದೆಯ ಮಟ್ಟಕ್ಕೆ ತಗ್ಗಿಸಿದರು.

ನನಗೆ ಸಲಾಮು ಮಾಡಿದರು.

ಅಂಗೈ ಬಿಚ್ಚಿ, ತೋಳಿನ ಬಲವನ್ನೆಲ್ಲ ಹಾಕಿ ಭೋಂಗಾಕ್ಕೆ ಹೊಡೆದೆ. ಏನಾಗುತ್ತದೆಂದು ಗೊತ್ತಿಲ್ಲದೆ ಹೊಡೆದೆ ಎಂದು ಹೇಳಲಾರೆ. ಆ ಗುಂಪಿನಲ್ಲಿ ಬ್ಯಾಂಡಿನವರನ್ನು ಬಿಟ್ಟರೆ ಅದು ಗೊತ್ತಿದ್ದವನು ನಾನೊಬ್ಬನೇ. ಅವರೇ ಕಲಿಸಿದ್ದರು.

ದನಿ ನಡುವಿನಲ್ಲಿ ಕತ್ತರಿಸಿದಂತೆ ನಿಂತಿತು. ಉಸ್ತಾದರು ಬಾಯಿಗೆ ಕೈ ಹಿಡಿದು ಮಂಡಿಯೂರಿದರು. ಬೆರಳುಗಳ ಸಂದಿನಿಂದ ರಕ್ತ ಸುರಿದು ಬಿಳಿ ಕೈಗವಸು ತೊಯ್ದಿತು. ಟ್ರಂಪೆಟ್ ರಸ್ತೆಯ ಮೇಲೆ ಬಿದ್ದಿತ್ತು, ಪಕ್ಕದಲ್ಲಿ ಒಂದು ಹಲ್ಲು. ಇನ್ನೊಂದನ್ನು ಅವರು ಉಗುಳಿದರು.

"ಕಿಸ್‌ನೇ ಮಾರಾ?" ಯಾರು ಹೊಡೆದದ್ದು ಎಂದು ಡ್ರಮ್ಮಿನವನು ಗರ್ಜಿಸಿದ. ಎಲ್ಲರ ಕಣ್ಣು ಸುತ್ತ ಹೊರಳಿತು. ಇನ್ನೊಂದು ಕ್ಷಣಕ್ಕೆ ನನ್ನ ಮೇಲೆ ಬರುತ್ತಿತ್ತು. ನಾನು ಹಳದಿ ಜುಬ್ಬದವನ ಕಡೆ ಬೆರಳು ಮಾಡಿ, ಇವನೇ ಹೊಡೆದದ್ದೆಂದು ಕೂಗಿದೆ: "ಇಸ್‌ನೇ! ಇಸೀನೇ ಮಾರಾ!"

ಡ್ರಮ್ಮಿನ ಕೋಲು ಅವನ ಬೆನ್ನಿಗೆ ಬಿತ್ತು. ಮದುಮಗನ ಕಡೆಯವರು ಬಿಡಿಸಲು ಬಂದು ತಾವೂ ತಿಂದರು, ತಿರುಗಿ ಹೊಡೆದರು. ಮದುಮಗನ ಪೇಟ ಕಾಲಡಿಗೆ ಸಿಕ್ಕಿತು. ಒಬ್ಬ ಕ್ಲಾರ್ನೆಟ್ಟನ್ನು ಕೋಲಿನಂತೆ ಬೀಸುತ್ತಿದ್ದ. ನಾನು ಸುಮ್ಮನೆ ನಿಲ್ಲಲಿಲ್ಲ. ಆ ಹುಡುಗನನ್ನು ಹಿಡಿದು, ನನ್ನ ಸುಳ್ಳನ್ನು ನಿಜ ಮಾಡಲೆಂದು ಹೊಡೆದೆ. ಹೊಡೆಯುತ್ತ ಬಾಯಿಗೆ ಬಂದಂತೆ ಕನ್ನಡದಲ್ಲಿ ಬೈದೆ. ಅದನ್ನು ಕೇಳಿ ಅವನು ಕಣ್ಣರಳಿಸಿ, ನಮ್ಮ ಮಾತಿನಲ್ಲೇ ಕೂಗಿದ:

"ನಾನಲ್ಲರಿ ಕಾಕಾ! ಅವ್ವನ ಆಣಿ, ನಾ ಮುಟ್ಟೇ ಇಲ್ರಿ! ನೀವಽ ನೋಡೀರಲ್ಲ..."

ನಮ್ಮವನು ಎಂದು ತಿಳಿದ ಮೇಲೂ ಬಿಡಲಿಲ್ಲ. ಅವನು ನನ್ನನ್ನು ನೋಡಿಬಿಟ್ಟಿದ್ದಾನೆ, ಹೇಳಿಬಿಡುತ್ತಾನೆ ಎಂಬ ಭಯ ಹೊಕ್ಕಿತು. ಎಡಗೈ ಹಿಡಿದು ಬೆನ್ನ ಹಿಂದಕ್ಕೆ ತಿರುಚಿದೆ. ಮೊಣಕೈಯಲ್ಲಿ ಒಣ ಕಟ್ಟಿಗೆ ಮುರಿದ ಸದ್ದಾಯಿತು. ಆಮೇಲೆ ಅವನು ಮಾತಾಡಲಿಲ್ಲ, ಬರೀ ಒದರಿದ.

ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಉಸ್ತಾದರ ತುಟಿಗೆ ಹೊಲಿಗೆ ಹಾಕಿದರು. ನಾನು ಅವರ ಶಿಷ್ಯನೆಂದು ಹೇಳಿಕೊಂಡು ಮಂಚದ ಪಕ್ಕದಲ್ಲೇ ನಿಂತಿದ್ದೆ, ಟ್ರಂಪೆಟ್ಟನ್ನು ಕಂಕುಳಲ್ಲಿ ಹಿಡಿದು. ಪೊಲೀಸಿನವನು ಬಂದು ಯಾರು ಹೊಡೆದದ್ದೆಂದು ಕೇಳಿದ. ಉಸ್ತಾದರು ನನ್ನನ್ನೇ ನೋಡಿದರು. ಊದಿಕೊಂಡ ಬಾಯಿಂದ ಒಂದೇ ಮಾತು ಹೊರಟಿತು: "ಭೀಡ್." ಜನಜಂಗುಳಿ. ಆದರೆ ಹೊರಗೆ ಎಲ್ಲರೂ ಆ ಹುಡುಗನತ್ತಲೇ ಬೆರಳು ಮಾಡುತ್ತಿದ್ದರು. ಎರಡು ಕಡೆಯವರೂ ಠಾಣೆಯಲ್ಲಿ ರಾಜಿ ಮಾಡಿಕೊಂಡರು. ಅವನು ಬ್ಯಾಂಡಿನ ಮುದುಕನ ಬಾಯಿ ಒಡೆದವನಾಗಿಯೇ ಉಳಿದ.

ಉಸ್ತಾದರು ಮತ್ತೆ ಊದಲಿಲ್ಲ. ಕಟ್ಟಿಸಿಕೊಂಡ ಹಲ್ಲಿಗೆ ಮೌತ್‌ಪೀಸ್ ನಿಲ್ಲುವುದಿಲ್ಲ. ನಾನು ಅವರ ಕಡೆ ಸುಳಿಯಲಿಲ್ಲ. ಕಪಾಟಿನ ಕೀಲಿಯನ್ನು ಉಡಿದಾರದಿಂದ ಬಿಚ್ಚಿ ಹೆಂಡತಿಯ ಮುಂದೆ ಹಿಡಿದೆ. ಅವಳು ತೆಗೆದುಕೊಳ್ಳಲಿಲ್ಲ. ಬಹಳ ವರ್ಷ ಅದು ಕಿಟಕಿಯ ಮೇಲೆ ತುಕ್ಕು ಹಿಡಿಯಿತು. ಹೋದ ವರ್ಷ ಅವಳು ತೀರಿಕೊಳ್ಳುವ ಮೊದಲು, "ಆ ಮನಷ್ಯಾನ ಬಾಜಾ ಆ ಮನಷ್ಯಾಗ ಮುಟ್ಟಸ್ರಿ" ಎಂದಳು. ಎಲ್ಲ ಗೊತ್ತಿತ್ತು ಅವಳಿಗೆ.

ಹುಡುಕಿಕೊಂಡು ಹೋದಾಗ ಉಸ್ತಾದರು ಮಿಯಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾವಲಿಗಿದ್ದರು. ಬಹಳ ಮುದುಕರಾಗಿದ್ದರು. ನಾನು ಟ್ರಂಪೆಟ್ಟನ್ನು ಅವರ ಕುರ್ಚಿಯ ಮುಂದೆ ಇಟ್ಟು ಕಾಲು ಮುಟ್ಟಲು ಬಾಗಿದೆ.

"ಕಾಲು ಇರ್ಲಿ" ಎಂದರು. ಜೇಬಿನಿಂದ ಮೌತ್‌ಪೀಸ್ ತೆಗೆದು ಟ್ರಂಪೆಟ್ಟಿಗೆ ಸಿಕ್ಕಿಸಿ ನನ್ನ ಕೈಗೇ ಕೊಟ್ಟರು. "ಊದ್ರಿ ಸರ್ಕಾರ್."

ಊದಿದೆ.

"ತಗ್ಗಸ್ರಿ."

ಭೋಂಗಾವನ್ನು ಅವರ ಎದೆಯ ಮಟ್ಟಕ್ಕೆ ಇಳಿಸಿದೆ. ಅವರು ಎದ್ದು ನಿಂತು ತಮ್ಮ ಅಂಗೈಯನ್ನು ಅದರ ಬಾಯಿಗೆ ಒತ್ತಿ ಹಿಡಿದರು. ನನ್ನ ಉಸಿರು ನನ್ನ ಕೆನ್ನೆಗೇ ತಿರುಗಿ ಬಂತು. ಮೌತ್‌ಪೀಸಿನ ಅಂಚು ಹಲ್ಲಿಗೆ ತಾಗಿತು. ಹೊಡೆಯಲಿ ಎಂದು ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ. ಕೈಯನ್ನು ತೆಗೆಯಲೂ ಇಲ್ಲ. ನನ್ನ ಉಸಿರು ಮುಗಿದ ಮೇಲೆ ಬಿಟ್ಟರು.

"ನಿಮ್ಮನ್ನ ಮಾಫ್ ಮಾಡೀನಿ ಅಂತ ತಿಳ್ಕೊಂಡಿರೇನು? ನಿಮ್ಮ ಹೆಸರು ಹೇಳಿದ್ರ ಕೇಸ್ ಆಗಿ ನಮ್ಮಪ್ಪನ ಬಾಜಾ ಸಾಕ್ಷಿಗಂತ ಠಾಣೆಕ್ಕ ಹೋಗ್ತಿತ್ತು. ಅಲ್ಲಿ ಹೋದ್ದು ವಾಪಸ್ ಬರಂಗಿಲ್ಲ. ಅದಕ್ಕ ಭೀಡ್ ಅಂದೆ. ಆ ಹುಡುಗ ಅಲ್ಲ ಅಂತಾದ್ರೂ ಹೇಳಬೇಕಿತ್ತು. ಹೇಳ್ಲಿಲ್ಲ. ಅದು ನಂದು ಗುನಾ, ನಂದು ತಪ್ಪು. ಅವನ್ನ ಹುಡಕ್ರಿ. ನಾನು ಹೊಡದೆ, ಉಸ್ತಾದ ಬಾಯಿ ಮುಚ್ಚಿದಾ ಅಂತ ಹೇಳಿ ಬರ್ರಿ. ಆಮ್ಯಾಲ ಬಾಜಾ ತಗೋತೀನಿ."

ಮೌತ್‌ಪೀಸ್ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡರು.

ಮಣಿಕೊಂಡದ ಆ ಅಪಾರ್ಟ್‌ಮೆಂಟಿಗೆ ನಾಲ್ಕು ಸಲ ಹೋಗಿದ್ದೇನೆ. ಮದುಮಗನ ಮನೆಯವರು ಮಾರಿ ಹೋಗಿ ಯಾವುದೋ ಕಾಲವಾಯಿತಂತೆ. ಹುಡುಗನ ಹೆಸರು ನನಗೆ ಅವತ್ತೂ ಗೊತ್ತಿರಲಿಲ್ಲ. ಗೊತ್ತಿರುವುದು ಇಷ್ಟೇ: ಹಳದಿ ಜುಬ್ಬ, ಬಲ ಹುಬ್ಬಿನ ಮೇಲೆ ಗಾಯದ ಹಳೆಯ ಗುರುತು, ಮುರಿದ ಎಡಗೈ, ನಮ್ಮ ಕಡೆಯ ಕನ್ನಡ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದೆ. ಈಗ ನಿನಗೆ ನಲವತ್ತು ದಾಟಿರಬೇಕಪ್ಪ. ನೀನು ಓದುತ್ತಿದ್ದರೆ, ಅಥವಾ ಓದಿದವರು ಯಾರಾದರೂ ನಿನಗೆ ಹೇಳಿದರೆ, ಹೊಡೆದವನು ನಾನು. ನೀನು ಮುಟ್ಟಿರಲಿಲ್ಲ. ನಾನು ನೋಡಿದ್ದೆ.

ತಿಂಗಳಿಗೊಮ್ಮೆ ಟ್ರಂಪೆಟ್ಟನ್ನು ಚೀಲದಲ್ಲಿಟ್ಟುಕೊಂಡು ಮೆಟ್ರೋದಲ್ಲಿ ಮಿಯಾಪುರಕ್ಕೆ ಹೋಗುತ್ತೇನೆ. ಉಸ್ತಾದರು ಗೇಟಿನಿಂದಲೇ ಕೇಳುತ್ತಾರೆ, "ಸಿಕ್ಕನೇನ್ರಿ ಸರ್ಕಾರ್?"

ಇಲ್ಲ ಎನ್ನುತ್ತೇನೆ.

"ಮತ್ತ ಇಲ್ಲಿಗ್ಯಾಕ ಬಂದೀರಿ? ಹೋಗ್ರಿ, ಹುಡಕ್ರಿ" ಎಂದು ಗೇಟು ಎಳೆದುಕೊಳ್ಳುತ್ತಾರೆ.