ಸೋದರಮಾವನಿಗೆ ಹಾಕಿಕೊಟ್ಟ ದಾರಿ

ಮಾನ್ಯ ಓದುಗರೇ,

ಮೊಟ್ಟಮೊದಲಿಗೆ, ನನ್ನ ಕಾಗುಣಿತದ ತಪ್ಪುಗಳನ್ನೂ, ಇರುವೆಯೊಂದು ಮಸಿಯಲ್ಲಿ ಬಿದ್ದೆದ್ದು ನಡೆದಂತಿರುವ ನನ್ನ ಕೈಬರಹವನ್ನೂ ದಯಮಾಡಿ ಮನ್ನಿಸಬೇಕೆಂದು ಕೋರುತ್ತೇನೆ. ಹಾನಗಲ್ಲಿನ ತಾಲ್ಲೂಕು ಕಚೇರಿಯ ಎದುರು ಅರ್ಜಿ ಟೈಪ್ ಮಾಡಿಕೊಡುವುದು ನನ್ನ ಉದ್ಯೋಗ. ಪರರ ಪಹಣಿ, ಪಿಂಚಣಿ, ಪಡಿತರ ಚೀಟಿಗಳ ಕುರಿತು ಬರೆದಿದ್ದೇನೆಯೇ ಹೊರತು ನನ್ನ ಕುರಿತು ಒಂದು ಸಾಲನ್ನೂ ಬರೆದವನಲ್ಲ. ಆದಕಾರಣ ಈ ಬರಹ ಅಲ್ಲಲ್ಲಿ ಅರ್ಜಿಯಂತೆ ಕಂಡುಬಂದಲ್ಲಿ ತಿರಸ್ಕರಿಸದೆ ಮುಂದೆ ಓದತಕ್ಕದ್ದು.

ವಿಷಯವೇನೆಂದರೆ, ನನಗೆ ಪಾತ್ರ ವಹಿಸಿ ಆಡುವ ವಿಡಿಯೋ ಗೇಮುಗಳ ಹುಚ್ಚು. ನಾವೇ ಒಬ್ಬ ಯೋಧನೋ ಮಾಂತ್ರಿಕನೋ ಆಗಿ ಊರೂರು ಸುತ್ತುತ್ತ, ಕಂಡಕಂಡವರು ಒಪ್ಪಿಸಿದ ಕೆಲಸ ಮಾಡಿಕೊಡುವ ಆಟವದು. "ಹಗಲೆಲ್ಲಾ ಮಂದಿ ಕೆಲಸಾ ರೊಕ್ಕಾ ತಗೊಂಡು ಮಾಡ್ತಿ, ಸಂಜೀಕ ಅದನ್ನ ರೊಕ್ಕಾ ಕೊಟ್ಟು ಮಾಡ್ತಿ" ಎಂದು ಅವ್ವ ಇದನ್ನು ಯಥಾವತ್ತಾಗಿ ವಿವರಿಸಿದ್ದಾಳೆ.

ಶಿಗ್ಗಾಂವಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯನಲ್ಲಿ ಪ್ರತಿ ರವಿವಾರ ನಮ್ಮ ಚರ್ಚೆ ನಡೆಯುತ್ತಿತ್ತು. ಸವಣೂರಿನ ಇನ್ನೊಬ್ಬ ಗೆಳೆಯ ತಿನ್ನಲು ತನ್ನ ಊರಿನ ಖಾರಾ ತರುತ್ತಿದ್ದ. ಗೇಮು ತಯಾರಿಸುವವರನ್ನು ನಾವು ಯಾರೂ ಕಣ್ಣಾರೆ ಕಂಡಿರಲಿಲ್ಲ. ಆದರೂ ಅವರ ಅಡುಗೆಮನೆಯಲ್ಲಿ ಉಂಡು ಬಂದವರಂತೆ ವಾದಿಸುತ್ತಿದ್ದೆವು.

"ಮದ್ಲ ಕತಿ ಬರೀತಾರ, ಆಮ್ಯಾಲ ನಕಾಶಿ ತಗೀತಾರ" ಎಂದು ಅಂಗಡಿಯ ಗೆಳೆಯ.

"ಹೋಗಲೇ. ಮದ್ಲ ಕುದರೀಗೆ ಬಂಗಾರದ ಜೀನು ಮಾರೂದು ಹೆಂಗಂತ ನೋಡ್ತಾರ. ಕತಿ ಕೆರಿಗೆ ಬೀಳಲಿ" ಎಂದು ಸವಣೂರಿನವನು.

ನನ್ನ ಸಿದ್ಧಾಂತ ಇವೆರಡಕ್ಕಿಂತ ಘನವಾದದ್ದೆಂದು ನಾನು ನಂಬಿದ್ದೆ. ಒಳ್ಳೆಯ ಗೇಮು ಆಟಗಾರನಿಗೆ ಇಂಥಲ್ಲಿಗೆ ಹೋಗೆಂದು ಹೇಳುವುದಿಲ್ಲ. ದೂರದಲ್ಲಿ ಒಂದಿಷ್ಟು ಹೊಗೆ ತೋರಿಸುತ್ತದೆ, ಅಷ್ಟೇ. ಆಟಗಾರ ಅಲ್ಲಿಗೆ ಹೋಗಿ, ತಾನೇ ಕಂಡುಹಿಡಿದೆನೆಂದು ಬೀಗುತ್ತಾನೆ.

ಒಂದು ರವಿವಾರ ಇದನ್ನು ಮಂಡಿಸುತ್ತಿರುವಾಗ, ಲ್ಯಾಪ್‌ಟಾಪಿನ ಫ್ಯಾನು ಸದ್ದು ಮಾಡುತ್ತದೆಂದು ಹಿರೇಕೆರೂರಿನಿಂದ ಬಂದಿದ್ದ ಯುವತಿಯೊಬ್ಬರು ಕೌಂಟರಿನ ಆಚೆಯಿಂದ ಬಾಯಿ ಹಾಕಿದರು.

"ನೀವು ಹಾಕಿದ ದಾರ್ಯಾಗ ಮಂದಿ ಹೊಕ್ಕಾರಂತ ಯಾರ್ ಹೇಳ್ಯಾರ್ರೀ? ಗೇಮಿನಾಗ ರಾಜನ ಮಗಳು ಸೆರಿಯಾಗಿದ್ರೂ ನಾ ತಿಂಗಳಗಟ್ಟಲೆ ಮೀನಾ ಹಿಡಕೋತ ಕುಂತೇನಿ."

"ಕುಂದರ್ರಿ, ಅಕಿ ಕಾಯ್ತಾಳಲ್ಲ" ಎಂದೆ.

"ಅದ ತಪ್ಪು. ಅರ್ಜೆಂಟ್ ಅಂದಮ್ಯಾಲ ಕಾಯಬಾರ್ದು. ಹೊತ್ತು ಮೀರಿದ್ರ ಅಕಿನ್ನ ಬ್ಯಾರೆ ಯಾರರ ಬಿಡಿಸ್ಕೊಂಡು ಹೋಗಬೇಕು. ಇಲ್ಲಾಂದ್ರ ಆ ಮಾತಿಗೆ ಏನ್ ಕಿಮ್ಮತ್ತೈತಿ?"

ಆ ಫ್ಯಾನು ಅನಂತರ ಪದೇ ಪದೇ ಕೆಡುವುದಕ್ಕೆ ಯಾವ ತಾಂತ್ರಿಕ ಕಾರಣವೂ ಇರಲಿಲ್ಲವೆಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಅವರು ತಂದೆಯೊಂದಿಗೆ ಹತ್ತಿಯ ಬೀಜೋತ್ಪಾದನೆ ಮಾಡುತ್ತಿದ್ದರು. ಜಗಳವಾಡುತ್ತಲೇ ನಾವಿಬ್ಬರೂ ಮದುವೆಯ ಮಾತಿಗೆ ಬಂದೆವು. ಒಂದು ದಿನ ಅವರೇ ಹೇಳಿದರು: "ನಮ್ಮಪ್ಪ ಬ್ಯಾರೆ ಕಡೆ ಮಾತಾಡಾಕತ್ತಾನ. ಜಲ್ದಿ ನಿಮ್ಮ ಹಿರಿಯರ್ನ ಕರಕೊಂಡು ಬರ್ರಿ."

ನಮ್ಮ ಮನೆಯಲ್ಲಿ ಹೆಣ್ಣು ಹುಡುಕುವ ಸಂಪೂರ್ಣ ಅಧಿಕಾರ ಸೋದರಮಾವನದು. ಬಳಗದ ಸಂಬಂಧಗಳನ್ನೆಲ್ಲ ತಾನೇ ಕುದುರಿಸಿದ್ದೆಂಬ ಹೆಮ್ಮೆ ಅವನಿಗೆ. ಹುಡುಗನೇ ಹುಡುಗಿಯನ್ನು ಹೆಸರಿಸಿದರೆ ಕೆಲಸ ಕೆಡುವುದೆಂದು ನಿರ್ಧರಿಸಿ, ನನ್ನ ಸಿದ್ಧಾಂತವನ್ನು ಅವನ ಮೇಲೆ ಪ್ರಯೋಗಿಸಿದೆ. ಅವನು ಎಲೆಅಡಿಕೆ ಕೊಳ್ಳುವ ಅಂಗಡಿಯವನು, ಅವನು ಹತ್ತುವ ಬಸ್ಸಿನ ಕಂಡಕ್ಟರು, ಸವಣೂರಿನ ಗೆಳೆಯ, ಈ ಮೂವರೂ ಹಿರೇಕೆರೂರಿನಲ್ಲಿ ಒಂದು ಒಳ್ಳೆಯ ಮನೆತನವಿದೆ ಎಂದು ಮಾತಿನ ನಡುವೆ ಸುಮ್ಮನೆ ಉದುರಿಸುವಂತೆ ಏರ್ಪಾಡು ಮಾಡಿದೆ. ಮೂವರೂ ಒಂದೇ ವಾರದಲ್ಲಿ, ಒಂದೇ ಮಾತಿನಲ್ಲಿ ಉದುರಿಸಿದರು.

ಮಾವ ಅವ್ವನೆದುರು ಕುಳಿತು ಹುಬ್ಬು ಗಂಟಿಕ್ಕಿದ. "ಕಂಡಕಂಡವ್ರೆಲ್ಲಾ ಅದ ಹುಡುಗಿ ಸುದ್ದಿ ಹೇಳಾಕತ್ತಾರ. ಅಷ್ಟ್ಯಾಕ ಹೊಗಳ್ತಾರಬೇ? ಏನರ ಕುಂದೈತೇನು ಅಕಿಗೆ?"

"ನೋಡಿ ಬಂದ್ರ ಕಣ್ಣೇನು ಸವಿತಾವೇನು?" ಎಂದು ಅವ್ವ ಹೇಳದಿದ್ದರೆ ಪ್ರಕರಣ ಅಲ್ಲಿಗೇ ಮುಕ್ತಾಯವಾಗುತ್ತಿತ್ತು.

ನಿಗದಿಯಾದ ದಿನ ಹನ್ನೊಂದು ಗಂಟೆಗೆ ಬರುವುದಾಗಿ ತಿಳಿಸಿ, ಮಾವ ಮತ್ತು ನಾನು ಸವಣೂರಿನ ಗೆಳೆಯನ ಕಾರಿನಲ್ಲಿ ಹೊರಟೆವು. ಅರ್ಧ ದಾರಿಯಲ್ಲಿ ಮಾವನಿಗೆ ಭಕ್ತಿ ಉಕ್ಕಿತು.

"ರಟ್ಟೀಹಳ್ಳಿ ದೇವರಿಗೆ ಕೈ ಮುಗದು ಹೋಗೂಣು."

"ಅದು ದಾರ್ಯಾಗ ಬರೂದಿಲ್ಲ ಮಾಮಾ."

"ದೇವರೇನು ನಿನ್ನ ದಾರ್ಯಾಗ ಬಂದು ಕುಂದರಬೇಕೇನು?"

ಗುಡಿಯ ಮೆಟ್ಟಿಲಲ್ಲಿ ಮಾವನಿಗೆ ಹಳೆಯ ಪರಿಚಯದವರೊಬ್ಬರು ಸಿಕ್ಕರು. ಅವರಿಗೆ ಮದುವೆಯ ವಯಸ್ಸಿನ, ತಮ್ಮನ ಮಗಳೊಬ್ಬಳಿದ್ದಳು. ತಾನೇ ಕಂಡುಹಿಡಿದ ಸಂಬಂಧವೆಂದು ಮಾವನ ಮುಖ ಅರಳಿತು. ನೋಡನೋಡುತ್ತಿದ್ದಂತೆ ನಾವು ಅವರ ಪಡಸಾಲೆಯಲ್ಲಿ ಉಪ್ಪಿಟ್ಟಿನ ತಾಟು ಹಿಡಿದು ಕುಳಿತಿದ್ದೆವು.

"ಸೈಡ್ ಕ್ವೆಸ್ಟ್ ಸುರು ಆತಲೇ" ಎಂದು ಸವಣೂರಿನವನು ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ಆಟಗಾರ ಮುಖ್ಯ ಕೆಲಸ ಬಿಟ್ಟು ಅಡ್ಡ ಕೆಲಸಕ್ಕೆ ಬೀಳುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ.

ಫೋನಿಗೆ ಹಿರೇಕೆರೂರಿನಿಂದ ಸಂದೇಶ ಬಂತು: "ಎಲ್ಲಿ ಅದೀರಿ? ಅಪ್ಪ ಸಿಟ್ಟಿಗೆದ್ದಾನ." ಊಟದ ಹೊತ್ತು ದಾಟಿದ ಮೇಲೆ ಇನ್ನೊಂದು: "ನಾ ಹೊಲಕ್ಕ ಹೊಂಟೆ."

ಅಷ್ಟರಲ್ಲಿ ಮನೆಯವರು, ಹುಡುಗಿಯನ್ನು ಕರೆಯಿರಿ ಎಂದು ಒಳಗೆ ಕೂಗಿದರು. ನಾನು ತಾಟನ್ನು ನೆಲಕ್ಕಿಟ್ಟು ಎದ್ದು ನಿಂತೆ.

"ಕರೀಬ್ಯಾಡ್ರಿ. ತಪ್ಪು ತಿಳೀಬ್ಯಾಡ್ರಿ. ಮಾಮಾ, ನನಗ ಹಿರೇಕೆರೂರಿನ ಹುಡುಗೀನ ಬೇಕು. ಪಾನ್ ಅಂಗಡಿಯಂವಗ, ಕಂಡಕ್ಟರಗ, ಎಲ್ಲಾರಿಗೂ ನಾನ ಹೇಳಿಕೊಟ್ಟಿದ್ದೆ."

ಮಾವ ಬಾಯಲ್ಲಿದ್ದ ಉಪ್ಪಿಟ್ಟನ್ನು ಸಾವಕಾಶ ನುಂಗಿದ. "ಮದ್ಲ ನನಗ ಹೇಳಾಕ ಏನ್ ಧಾಡಿ ಆಗಿತ್ತಲೇ?"

"ನೀ ಒಪ್ಪೂದಿಲ್ಲಂತ..."

"ನನ್ನ ಕೇಳಿ ನೋಡಿದ್ದೇನು? ಊರ ಮಂದಿಗೆಲ್ಲಾ ಹೇಳ್ಯಾನ, ನನ್ನೊಬ್ಬನ್ನ ಬಿಟ್ಟು!"

ಸಕ್ಷಮ ಪ್ರಾಧಿಕಾರವೊಂದನ್ನು ಹೊರತುಪಡಿಸಿ ಉಳಿದೆಲ್ಲರಿಗೂ ಅರ್ಜಿ ಸಲ್ಲಿಸಿದ್ದೆ. ನನ್ನ ವೃತ್ತಿಯವನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಮನೆಯ ಯಜಮಾನರು ದೊಡ್ಡ ಮನಸ್ಸು ಮಾಡಿ ನಕ್ಕರು. "ಇವನ್ನ ಕರಕೊಂಡು ನಡೀರಿ ಮಾರಾಯ್ರ, ನಿಮ್ಮ ಹುಡುಗನ ಜೀವ ಇಲ್ಲಿಲ್ಲ."

ಹಿರೇಕೆರೂರು ಮುಟ್ಟಿದಾಗ ನಾಲ್ಕು ಗಂಟೆ ದಾಟಿತ್ತು. ಹುಡುಗಿಯ ತಂದೆ ಕುಳಿತುಕೊಳ್ಳಿ ಎನ್ನಲಿಲ್ಲ. "ಹೊಲದಾಗ ಅದಾಳ. ನೋಡೂದಿದ್ರ ಅಲ್ಲೇ ನೋಡ್ರಿ" ಎಂದು ಮುಂದೆ ನಡೆದರು.

ಬೀಜದ ಹತ್ತಿಯಲ್ಲಿ, ನಾಳೆ ಅರಳುವ ಮೊಗ್ಗಿನ ಗಂಡು ಕೇಸರವನ್ನು ಇಂದು ಸಂಜೆಯೇ ಉಗುರಿನಿಂದ ಬಿಡಿಸಿ ತೆಗೆಯಬೇಕು. ಬೀಗರು ಬಂದರೆಂದು ಹೂವು ಅರಳುವುದನ್ನು ಮುಂದೂಡುವುದಿಲ್ಲ. ಮೊಗ್ಗು ಬಿಡಿಸುತ್ತಿದ್ದ ಆಕೆ ಕೈ ನಿಲ್ಲಿಸದೆಯೇ ನಮಗೆ ನಮಸ್ಕಾರ ಎಂದರು. ಹೀಗಾಗಿ ಹೆಣ್ಣು ನೋಡುವ ಶಾಸ್ತ್ರ ಬದುವಿನ ಮೇಲೆ ಆರಂಭವಾಯಿತು.

"ಅಡಗಿ ಬರ್ತೈತೇನವಾ?" ಎಂದು ಮಾವ ವಾಡಿಕೆಯಂತೆ ಕೇಳಿದ.

"ಬರ್ತೈತ್ರಿ. ಮುಂಜಾನೆ ನಿಮಗಂತನ ಮಾಡಿದ್ದೆ. ಆಳಿನ ಮಂದಿ ಉಂಡ್ರು."

ಮಾವನಿಗೆ ನಗು ತಡೆಯಲಾಗಲಿಲ್ಲ. "ನಮ್ಮ ಹುಡುಗ ಒಪ್ಪಿಗಿ ಅದಾನೇನು?"

"ಇಷ್ಟೊತ್ತು ಎಲ್ಲಿದ್ರು ಅಂತ ಅವ್ರು ಹೇಳಲಿ, ಆಮ್ಯಾಲ ಹೇಳ್ತೇನಿ."

ಆಳುಗಳ ಸಮೇತ ಎಲ್ಲರೂ ನನ್ನತ್ತ ತಿರುಗಿದರು. ನಾನು ರಟ್ಟೀಹಳ್ಳಿಯ ಪಡಸಾಲೆಯನ್ನೂ ಬಿಡದೆ, ನಡೆದದ್ದನ್ನೆಲ್ಲ ಹೇಳಿದೆ.

"ಅಲ್ಲಿ ಉಪ್ಪಿಟ್ಟು ತಿಂದ್ರೇನು?"

"ತಿಂದೆ."

"ಹೆಂಗಿತ್ತು?"

"ಚೊಲೋ ಇತ್ತು" ಎಂದೆ. ಅಂದು ಇನ್ನೊಂದು ಉಪಾಯ ಹೂಡುವ ಧೈರ್ಯ ನನಗಿರಲಿಲ್ಲ.

ಅವರು ಮೊದಲ ಬಾರಿಗೆ ಕೈ ನಿಲ್ಲಿಸಿ ನನ್ನನ್ನು ನೋಡಿದರು. "ಹೊಟ್ಟಿ ತುಂಬೈತಲ್ಲಾ, ಹಂಗಾರ ಆ ಸಾಲು ನೀವು ಹಿಡೀರಿ. ಕತ್ತಲಾಗೂದ್ರಾಗ ಮುಗೀಬೇಕು."

ಇದು ಒಪ್ಪಿಗೆಯೋ ಶಿಕ್ಷೆಯೋ ತಿಳಿಯದೆ ಮಾವನತ್ತ ನೋಡಿದೆ. "ಏನ್ ನೋಡ್ತಿಯಲೇ, ಹಿಡಿ" ಎಂದು ಗದರಿ, ಅವನು ಆಳುಗಳ ಚಹಾದ ಕಿಟ್ಲಿ ತರಿಸಿ ಬೀಗರ ಕೈಗೆ ಕಪ್ಪು ಕೊಟ್ಟ. ವಾಡಿಕೆಯಂತೆ ಸಕ್ಕರೆ ಹಂಚುವ ಬದಲು ಸಿಹಿ ಚಹಾದಲ್ಲೇ ಸಂಬಂಧ ನಿಶ್ಚಯವಾಯಿತು. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮೊಗ್ಗು ಮುರಿಯುತ್ತ, ಬೈಸಿಕೊಳ್ಳುತ್ತ ಸಾಲು ಮುಗಿಸಿದೆ.

ಈ ಬರಹದಲ್ಲಿ ಕಂಡುಬರುವ ತಪ್ಪುಗಳನ್ನು ದಯಮಾಡಿ ತಾವೇ ತಿದ್ದಿ, ನನಗೂ ತಿಳಿಸಬೇಕೆಂದು ವಿನಂತಿ. ಮನೆಯಲ್ಲೇ ತೋರಿಸಬಹುದಿತ್ತು; ಆದರೆ ನನ್ನ ಹೆಂಡತಿ ತಿದ್ದುವುದು ಅಕ್ಷರಗಳನ್ನಲ್ಲ, ಘಟನೆಗಳನ್ನು.